ಗೇಟ್‌ವಾಲ್ ಇಲ್ಲದ ಪೈಪು

ಹೋದ ಭಾನುವಾರ ಒಂದು ಸ್ಕೆಚ್ ಪೆನ್ನಿಗಾಗಿ ನಮ್ಮ ಮನೆಯಲ್ಲಿ ನನ್ನ ಅವಳಿ ಹೆಣ್ಣುಮಕ್ಕಳ ನಡುವೆ ಯುದ್ಧ ಆಯಿತು. ನೇರಳೆ ಬಣ್ಣದ್ದು. ಕಡ್ಡಿಯ ಕೈಯಿಂದ ಗುಂಡಮ್ಮ ಕಿತ್ತುಕೊಂಡಳು, ಕಡ್ಡಿ ಅವಳ ಜಡೆಗೆ ಕೈ ಹಾಕಿದಳು. ನಾನು ಅಡುಗೆಮನೆಯಿಂದ ಸೌಟು ಹಿಡಿದೇ ಓಡಿ ಬರುವಷ್ಟರಲ್ಲಿ ಕಡ್ಡಿಯ ಬಾಯಿಂದ ಆ ಮಾತು ಬಿದ್ದಾಗಿತ್ತು: "ನೀನು ಹೊಟ್ಟೇಲಿದ್ದಾಗ್ಲೇ ನನ್ನ ರಕ್ತ ಕುಡ್ದೋಳು ಕಣೇ!"

ಆರು ವರ್ಷದ ಮಗು. ತಾನಾಗಿ ಕಟ್ಟಿದ ಮಾತಲ್ಲ ಇದು. ನಾಮಕರಣದ ದಿನ ತೊಟ್ಟಿಲ ಪಕ್ಕ ನಿಂತು ನಮ್ಮ ಕಡೆಯ ಹಿರಿಯರೊಬ್ಬರು, "ಈ ಗುಂಡಮ್ಮ ಅಕ್ಕ ಆಗಿ ತಂಗಿ ಪಾಲೆಲ್ಲಾ ಒಳಗೇ ತಿಂದ್ಲಂತೆ" ಎಂದು ನಕ್ಕಿದ್ದರು. ಅಲ್ಲಿಂದ ಮುಂದೆ ಯಾವ ಮದುವೆ, ಯಾವ ಗೃಹಪ್ರವೇಶಕ್ಕೆ ಹೋದರೂ ತಾಂಬೂಲದ ಜೊತೆಗೆ ಈ ಮಾತೂ ಕೈಗೆ ಬರುತ್ತದೆ. ಹಾಗೆ ನೋಡಿದರೆ ಅಕ್ಕ ಅನ್ನುವುದೂ ಸುಳ್ಳು. ಸಿಸೇರಿಯನ್‌ನಲ್ಲಿ ಮೊದಲು ಹೊರಗೆ ಬಂದವಳು ಕಡ್ಡಿ, ಒಂದು ನಿಮಿಷದ ಹಿರಿತನ ಅವಳದು. ಮೈಕಟ್ಟು ನೋಡಿ ಊರವರು ಗುಂಡಮ್ಮನಿಗೆ ಅಕ್ಕನ ಪಟ್ಟ ಕಟ್ಟಿದರು. (ಗುಂಡಮ್ಮ, ಕಡ್ಡಿ ಎರಡೂ ನಮ್ಮಮ್ಮ ಇಟ್ಟ ಅಡ್ಡಹೆಸರು. ಶಾಲೆಯ ಹೆಸರುಗಳು ಬೇರೆ ಇವೆ, ಅವು ಇಲ್ಲಿ ಬೇಡ.)

ಗುಂಡಮ್ಮ ತಿರುಗಿ ಹೊಡೆಯಲಿಲ್ಲ. ನನ್ನ ಕಡೆ ನೋಡಿ, "ಹೌದಾಮ್ಮಾ?" ಅಂದಳು. ಇದನ್ನು ಬರೆಯುತ್ತಿರುವುದು ಆ ಪ್ರಶ್ನೆಗೆ.

ನಾನು ಹಾಸನದ ಹತ್ತಿರ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಹನ್ನೆರಡನೇ ವಾರದ ಸ್ಕ್ಯಾನಿಂಗ್‌ನಲ್ಲಿ ಅವಳಿ ಎಂದು ಗೊತ್ತಾದಾಗ ನಮ್ಮತ್ತೆ ಮೊದಲು ಕೇಳಿದ್ದು, "ಜೋಡಿ ಬಾಳೆಹಣ್ಣು ತಿಂದಿದ್ದೇನೇ?" ಅಂತ. ಸ್ಕ್ಯಾನಿಂಗ್ ಸೆಂಟರಿನವರು ಕೊಟ್ಟ ವರದಿಯಲ್ಲಿ ಇದ್ದದ್ದು ಎರಡೇ ಸಾಲು: ಅವಳಿ ಗರ್ಭ, ಎರಡಕ್ಕೂ ಹೃದಯ ಬಡಿತ ಇದೆ. ಮಾಸು, ಅಂದರೆ ತಾಯಿಯಿಂದ ಮಗುವಿಗೆ ಪೋಷಣೆ ಒದಗಿಸುವ ಪ್ಲಸೆಂಟಾ, ಒಂದೋ ಎರಡೋ ಎಂಬುದನ್ನು ಬರೆದೇ ಇರಲಿಲ್ಲ. ಬರೆಯಬೇಕಿತ್ತು ಎಂಬುದು ನನಗೆ ಆಗ ಗೊತ್ತಿರಲಿಲ್ಲ. ಗೊತ್ತಿರಬೇಕಾಗಿದ್ದವರು ಅವರು.

ಅವಳಿ ಎಂದರೆ ನಾವೆಲ್ಲ ಮುಖದ ಬಗ್ಗೆ ಕೇಳುತ್ತೇವೆ, ಒಂದೇ ಥರ ಇದ್ದಾರಾ ಅಂತ. ವೈದ್ಯರಿಗೆ ಬೇಕಾದ್ದು ಮಾಸಿನ ಲೆಕ್ಕ. ಒಂದೇ ಅಂಡ ಒಡೆದು ಎರಡಾದ ಅವಳಿಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜೋಡಿಗಳಿಗೆ ಮಾಸು ಒಂದೇ. ಅದರೊಳಗೆ ಇಬ್ಬರ ರಕ್ತನಾಳಗಳೂ ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಹೆಚ್ಚಿನ ಜೋಡಿಗಳಲ್ಲಿ ಹೋಗುವ ರಕ್ತಕ್ಕೂ ಬರುವ ರಕ್ತಕ್ಕೂ ಸರಿಹೋಗುತ್ತದೆ. ನೂರರಲ್ಲಿ 10ರಿಂದ 15 ಜೋಡಿಗಳಲ್ಲಿ ತಕ್ಕಡಿ ಒಂದೇ ಕಡೆಗೆ ವಾಲುತ್ತದೆ. ಈ ಕಾಯಿಲೆಗೆ ವೈದ್ಯರು ಇಟ್ಟ ಹೆಸರು ಟ್ವಿನ್-ಟು-ಟ್ವಿನ್ ಟ್ರಾನ್ಸ್‌ಫ್ಯೂಷನ್ ಸಿಂಡ್ರೋಮ್. ಮಕ್ಕಳು ತೇಲುವ ಎರಡು ನೀರಿನ ಚೀಲಗಳ ನಡುವಿನ ಪೊರೆ ಮಾಸಿಗೆ ಸೇರುವ ಜಾಗ ನೋಡಿದರೆ ಮಾಸು ಎಷ್ಟು ಎಂದು ಆರಂಭದ ತಿಂಗಳುಗಳಲ್ಲಿ ಸುಲಭವಾಗಿ ತಿಳಿಯುತ್ತದೆ, ಆಮೇಲೆ ಕಷ್ಟ. ಒಂದೇ ಎಂದು ಗೊತ್ತಾದರೆ ಹದಿನಾರನೇ ವಾರದಿಂದ ಎರಡು ವಾರಕ್ಕೊಮ್ಮೆ ಸ್ಕ್ಯಾನ್ ಮಾಡಬೇಕು. ನನಗೆ ಹೇಳಿದ್ದು, "ಇಪ್ಪತ್ತನೇ ವಾರಕ್ಕೆ ಬನ್ನಿ."

ಹತ್ತೊಂಬತ್ತರ ಸುಮಾರಿಗೆ ಹೊಟ್ಟೆ ಬೆಳಗಿನಿಂದ ಸಂಜೆಗೆ ಬೆಳೆಯತೊಡಗಿತು. ಮಲಗಿದರೆ ಉಸಿರು ಸಿಕ್ಕುತ್ತಿರಲಿಲ್ಲ. ಬೋರ್ಡಿನ ಮೇಲೆ ಒಂದು ವರ್ಗಸಮೀಕರಣ ಮುಗಿಸುವಷ್ಟರಲ್ಲಿ ಕುರ್ಚಿ ಬೇಕಾಗುತ್ತಿತ್ತು. "ಅವಳಿ ಅಲ್ವಾ, ಹಂಗೇ ಇರುತ್ತೆ" ಅಂದರು ಎಲ್ಲರೂ. ಇಪ್ಪತ್ತನೇ ವಾರದ ಸ್ಕ್ಯಾನ್‌ನಲ್ಲಿ ಅಲ್ಲಿನ ಡಾಕ್ಟರು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಬೆಂಗಳೂರಿನ ಒಂದು ಆಸ್ಪತ್ರೆಗೆ ಚೀಟಿ ಬರೆದು, "ಇವತ್ತೇ ಹೊರಡಿ" ಅಂದರು. ಚನ್ನರಾಯಪಟ್ಟಣದಲ್ಲಿ ಅಪ್ಪ ಕಾರು ಹತ್ತಿದರು. ನೆಲಮಂಗಲದ ಟ್ರಾಫಿಕ್ಕಿನಲ್ಲಿ ನಿಂತಾಗ ಯಾರೂ ಏನೂ ಮಾತಾಡಿದ ನೆನಪಿಲ್ಲ.

ಬೆಂಗಳೂರಿನ ಡಾಕ್ಟರಮ್ಮ ಪರದೆಯ ಮೇಲೆ ತೋರಿಸಿದರು. ಒಂದು ಮಗುವಿನ ಸುತ್ತ ನೀರೇ ಇಲ್ಲ, ಪೊರೆ ಪ್ಲಾಸ್ಟಿಕ್ ಹಾಳೆಯ ಹಾಗೆ ಮೈಗೆ ಸುತ್ತಿಕೊಂಡು ಗರ್ಭದ ಗೋಡೆಗೆ ಅಂಟಿಬಿಟ್ಟಿದೆ, ಮೂತ್ರಕೋಶ ಕಾಣುತ್ತಲೇ ಇಲ್ಲ. ಇನ್ನೊಂದು ಕೆರೆಯಲ್ಲಿ ತೇಲುತ್ತಿದೆ. ಎರಡೂ ಚೀಲಗಳಲ್ಲಿ ನೀರಿನ ಆಳ ಎರಡು ಸೆಂಟಿಮೀಟರ್ ದಾಟಿರಬೇಕು, ಎಂಟರೊಳಗೆ ಇರಬೇಕು. ನನ್ನಲ್ಲಿ ಒಂದು ಕಡೆ ಒಂದಕ್ಕಿಂತ ಕಡಿಮೆ, ಇನ್ನೊಂದು ಕಡೆ ಹನ್ನೆರಡು. ರಕ್ತ ಕಡಿಮೆ ಬಿದ್ದ ಮಗುವಿನ ಮೂತ್ರಪಿಂಡ ನೀರು ಹಿಡಿದಿಟ್ಟುಕೊಳ್ಳುತ್ತದೆ, ಹೆಚ್ಚು ಬಿದ್ದದ್ದು ಮೂತ್ರ ಹೊಯ್ದೂ ಹೊಯ್ದೂ ತನ್ನ ಚೀಲ ತುಂಬಿಸುತ್ತದೆ. ನನ್ನ ಉಸಿರು ಕಟ್ಟಿಸಿದ್ದು ಅದು.

ವರದಿಯಲ್ಲಿ ಒಂದು ಮಗುವಿಗೆ 'ಡೋನರ್', ಇನ್ನೊಂದಕ್ಕೆ 'ರೆಸಿಪಿಯೆಂಟ್' ಎಂದು ಬರೆದಿದ್ದರು. ದಾನಿ, ಪಡೆದವಳು. ನಮ್ಮ ಮನೆಯ ರಕ್ತ ಕುಡಿದ ಕತೆ ಹುಟ್ಟಿದ್ದು ಈ ಎರಡು ಪದಗಳಲ್ಲೇ ಎಂದು ಈಗ ಅನ್ನಿಸುತ್ತದೆ. ದಾನ ಅಂದಕೂಡಲೇ ನಮಗೆ ಕರ್ಣ ನೆನಪಾಗುತ್ತಾನೆ. ಕೊಟ್ಟವಳು ಪುಣ್ಯವಂತೆ ಆದರೆ ಪಡೆದವಳು ಏನಾಗಬೇಕು? ಅಂಗೈಯಷ್ಟುದ್ದದ ಜೀವ ದಾನವನ್ನೂ ಕೊಡುವುದಿಲ್ಲ, ಕಳ್ಳತನವನ್ನೂ ಮಾಡುವುದಿಲ್ಲ.

ಡಾಕ್ಟರಮ್ಮ ಹಾಳೆಯ ಹಿಂದೆ ಚಿತ್ರ ಬರೆದು ವಿವರಿಸುತ್ತಿದ್ದಾಗ ಅಪ್ಪ ನಡುವೆ ಬಾಯಿ ಹಾಕಿದರು. "ಅಲ್ಲಾ ಡಾಕ್ಟ್ರೇ, ನಮ್ ತೆಂಗಿನ ತೋಟದಲ್ಲಿ ಒಂದೇ ಬೋರಿಂದ ಎರಡ್ ಕಡೀಕೆ ಪೈಪ್ ಎಳ್ದಿದೀವಿ. ಬಿಟ್ರೆ ತಗ್ಗಿನ ಕಡೀಕೇ ಎಲ್ಲಾ ನುಗ್ತದೆ. ಗೇಟ್‌ವಾಲ್ ತಿರುವಿ ಸರಿ ಮಾಡ್ತೀವಿ. ಹಂಗಾ ಇದು?"

"ಹಂಗೇ ಯಜಮಾನ್ರೇ. ಇಲ್ಲಿ ಗೇಟ್‌ವಾಲ್ ಇಲ್ಲ ಅಷ್ಟೇ."

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ತಗ್ಗಿನ ಕಡೆ ಗಿಡಕ್ಕೂ ಕಷ್ಟಾನೇ. ನೀರು ನಿಂತ್ರೆ ಬೇರು ಕೊಳೀತದೆ" ಅಂದರು. ಆ ಕೋಣೆಯಲ್ಲಿ ನಾನು, ನಮ್ಮನೆಯವರು ಇಬ್ಬರೂ ಒಣಗುತ್ತಿದ್ದ ಮಗುವಿನ ಚಿಂತೆಯಲ್ಲಿದ್ದೆವು. ತುಂಬಿದ ಮಗುವಿನ ಬಗ್ಗೆ ಮೊದಲು ಕೇಳಿದ್ದು ಏಳನೇ ಕ್ಲಾಸು ಓದಿದ ಅಪ್ಪ.

ಡಾಕ್ಟರಮ್ಮ ಯಂತ್ರವನ್ನು ಆ ಮಗುವಿನ ಎದೆಗೆ ತಿರುಗಿಸಿದರು. ಹೃದಯದ ಗೋಡೆ ದಪ್ಪಗಾಗಿತ್ತು. ಬಲಗಡೆಯ ಕವಾಟದಿಂದ ರಕ್ತ ಹಿಂದಕ್ಕೆ ಸೋರುತ್ತಿತ್ತು, ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಡಾಪ್ಲರ್‌ನಲ್ಲಿ ನೀಲಿ ಕೆಂಪು ಕಲಸಿದ ಚಿಲುಮೆಯ ಹಾಗೆ. ಗರ್ಭದಲ್ಲಿ ಹೃದಯದ ದುಡಿಮೆಯಲ್ಲಿ ಬಲಭಾಗದ್ದೇ ಹೆಚ್ಚು ಪಾಲು, ಅದಕ್ಕೇ ಹೊರೆ ಜಾಸ್ತಿಯಾದರೆ ಮೊದಲು ಸೋಲುವುದೂ ಅದೇ. ಮುಂದಕ್ಕೆ ಹೋಗುವ ರಕ್ತ ತಗ್ಗಿದರೆ ಶ್ವಾಸಕೋಶದ ಕಡೆಗಿನ ಕವಾಟ ಸರಿಯಾಗಿ ಬೆಳೆಯದೆ ಸಂಕುಚಿತವಾಗುತ್ತದೆ.

ಅವರು ಹೇಳಿದ ಇನ್ನೊಂದು ಮಾತು ನನ್ನ ತಲೆಯಿಂದ ಇವತ್ತಿಗೂ ಹೋಗಿಲ್ಲ. ದೊಡ್ಡದರ ಹೃದಯಕ್ಕೆ ತೊಂದರೆ ಬರೀ ರಕ್ತದ ಪ್ರಮಾಣದಿಂದ ಬಂದದ್ದಲ್ಲ. ರಕ್ತ ಸಾಲದ ಮಗುವಿನ ಮೂತ್ರಪಿಂಡಗಳು ಗಾಬರಿಯಾಗಿ ರಕ್ತದೊತ್ತಡ ಏರಿಸುವ ಹಾರ್ಮೋನು ಸುರಿಸುತ್ತವೆ, ರೆನಿನ್ ಇತ್ಯಾದಿ. ಅದೂ ಅದೇ ಪೈಪಿನಲ್ಲಿ ಹರಿದು ದೊಡ್ಡ ಮಗುವಿಗೆ ತಲುಪುತ್ತದೆ. ಮೊದಲೇ ತುಂಬಿ ತುಳುಕುತ್ತಿರುವ ಮೈಗೆ ಒತ್ತಡ ಇನ್ನೂ ಏರು ಎಂಬ ಆಜ್ಞೆ. ಒಬ್ಬಳ ಹಸಿವಿನ ಕೂಗು ಇನ್ನೊಬ್ಬಳ ಎದೆಗೆ ಬಡಿಯುತ್ತಿತ್ತು. ಯಾರು ಯಾರದನ್ನು ತಿಂದರು ಎಂದು ಈಗ ಹೇಳಿ ನೋಡೋಣ.

ಈ ಕಾಯಿಲೆಗೆ ಐದು ಹಂತಗಳ ಪಟ್ಟಿ ಒಂದಿದೆ, 1999ರಲ್ಲಿ ಕ್ವಿಂಟೆರೋ ಎಂಬ ವೈದ್ಯರು ಮಾಡಿದ್ದು. ನನ್ನದು ಮೂರನೇ ಹಂತ. ಆ ಪಟ್ಟಿ ನೀರು, ಮೂತ್ರಕೋಶ, ನಾಳಗಳ ಹರಿವು ಎಲ್ಲ ನೋಡುತ್ತದೆ, ಹೃದಯದ ಸ್ನಾಯುವನ್ನು ನೇರವಾಗಿ ನೋಡುವುದಿಲ್ಲ. ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯವರು ಆಮೇಲೆ ಹೃದಯಕ್ಕೆಂದೇ ಬೇರೆ ಅಂಕಪಟ್ಟಿ ಮಾಡಿದರು. ಮೇಷ್ಟರ ಬುದ್ಧಿ, ಇದನ್ನು ಓದಿದಾಗ ನಗು ಬಂತು. ಮುಖ್ಯ ವಿಷಯವನ್ನು ಪರೀಕ್ಷೆಯಲ್ಲಿ ಬಿಟ್ಟು ಆಮೇಲೆ ಪೂರಕ ಪರೀಕ್ಷೆ ಇಡುವುದು ನಮ್ಮ ಇಲಾಖೆಯಲ್ಲಿ ಮಾತ್ರ ಅಂದುಕೊಂಡಿದ್ದೆ.

ದಾರಿ ಇದ್ದದ್ದು ಲೇಸರ್. ಹೊಟ್ಟೆಯಲ್ಲಿ ಸಣ್ಣ ತೂತು ಮಾಡಿ, ಸರಿಗೆಯಂಥ ಕ್ಯಾಮೆರಾ ಇಳಿಸಿ, ಮಾಸಿನ ಮೇಲೆ ಕೂಡುನಾಳಗಳನ್ನು ಒಂದೊಂದಾಗಿ ಸುಟ್ಟು ಮುಚ್ಚುವುದು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುಂಚೆ ಗೆಲುವು ಎಷ್ಟು ಎಂದು ಕೇಳಿದೆ. 2004ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನದ ಲೆಕ್ಕ ಹೇಳಿದರು: ಲೇಸರ್ ಆದವರಲ್ಲಿ ಶೇಕಡಾ 76ರಷ್ಟು ಕಡೆ ಕನಿಷ್ಠ ಒಂದು ಮಗು ಉಳಿದಿದೆ, ಬರೀ ನೀರು ತೆಗೆದವರಲ್ಲಿ 56. ಕನಿಷ್ಠ ಒಂದು. ವರ್ಷಾವರ್ಷ ಹತ್ತನೇ ಕ್ಲಾಸಿಗೆ ನಾನು ಮಾಡಿಸುವ ಲೆಕ್ಕ ಅದು. ಎರಡು ನಾಣ್ಯ ಚಿಮ್ಮಿದಾಗ ಕನಿಷ್ಠ ಒಂದು ಶಿರ ಬೀಳುವ ಸಂಭವನೀಯತೆ ಎಷ್ಟು? ಮುಕ್ಕಾಲು. ಹೆಚ್ಚು ಕಡಿಮೆ ಅಷ್ಟೇ. ಆ ವರ್ಷದಿಂದ ಈಚೆಗೆ ಆ ಲೆಕ್ಕವನ್ನು ಬೋರ್ಡಿನ ಮೇಲೆ ಮಾಡುವಾಗ ನಾನು ಮಕ್ಕಳ ಕಡೆ ತಿರುಗುವುದಿಲ್ಲ.

ನನಗೆ ಎಚ್ಚರವಿತ್ತು. ಪರದೆಯ ಮೇಲೆ ಕಿತ್ತಳೆ ಬೆಳಕು, ಬೇರುಗಳ ಹಾಗೆ ಹರಡಿದ ನಾಳಗಳು, ಲೇಸರ್ ತಾಗಿದಲ್ಲಿ ಬಿಳಿ ಚುಕ್ಕೆ. ಒಮ್ಮೆ ಒಂದು ಪುಟ್ಟ ಹಸ್ತ ಅಡ್ಡ ಬಂತು. ಮುಗಿದ ಮೇಲೆ ಎರಡು ಲೀಟರಿನಷ್ಟು ನೀರು ತೆಗೆದರು, ಎಷ್ಟೋ ದಿನಗಳ ನಂತರ ಮೊದಲ ಸಲ ಪೂರ್ತಿ ಉಸಿರು ಎಳೆದುಕೊಂಡೆ. ಎರಡನೇ ದಿನ ಸಣ್ಣ ಮಗುವಿನ ಮೂತ್ರಕೋಶ ಬಟಾಣಿಯಷ್ಟು ಕಪ್ಪಗೆ ಕಂಡಿತು. ಒಂದು ಮಗು ಉಚ್ಚೆ ಹೊಯ್ಯುತ್ತಿದೆ ಎಂದು ಆಸ್ಪತ್ರೆಯ ಕಾರಿಡಾರಿನಲ್ಲಿ ಮೈಸೂರು ಪಾಕ್ ಹಂಚಿದ ಮನೆ ನಮ್ಮದೊಂದೇ ಇರಬೇಕು. ದೊಡ್ಡದರ ಕವಾಟದ ಸೋರಿಕೆ ವಾರಗಳಲ್ಲಿ ಇಳಿಯಿತು. ಶ್ವಾಸಕೋಶದ ಕಡೆಗಿನ ಕವಾಟ ಮಾತ್ರ ದಪ್ಪಗೆ, ಇಕ್ಕಟ್ಟಾಗಿ ಹಾಗೇ ಉಳಿಯಿತು.

ಮೂವತ್ತನೇ ವಾರದಲ್ಲಿ ನೀರು ಒಡೆಯಿತು. ಲೇಸರ್ ಆದವರಿಗೆ ದಿನ ತುಂಬುವುದು ಅಪರೂಪ ಎಂದು ಮೊದಲೇ ಹೇಳಿದ್ದರು, ಅದಕ್ಕೇ ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ರೂಮು ಮಾಡಿದ್ದೆವು. ಶ್ವಾಸಕೋಶ ಬಲಿಯಲು ಸ್ಟಿರಾಯ್ಡ್ ಚುಚ್ಚಿದರು. ಇಬ್ಬರೂ ಹೆಣ್ಣು ಎಂದು ಆಗಲೇ ತಿಳಿದದ್ದು. ಕಡ್ಡಿ 960 ಗ್ರಾಂ, ಬಿಳಿಚಿಕೊಂಡಿದ್ದಳು. ಗುಂಡಮ್ಮ 1,390 ಗ್ರಾಂ, ಕೆಂಪಗೆ. ನೆದರ್ಲೆಂಡ್ಸ್‌ನಲ್ಲಿ 1617ರ ಒಂದು ವರ್ಣಚಿತ್ರವಿದೆ, ಬಟ್ಟೆಯಲ್ಲಿ ಸುತ್ತಿದ ಅವಳಿ ಕೂಸುಗಳದ್ದು, ಒಂದು ಬಿಳಿಚು, ಒಂದು ಕೆಂಪು. ಆ ಕೂಸುಗಳಿಗೂ ಇದೇ ಕಾಯಿಲೆ ಇದ್ದಿರಬೇಕೆಂದು ವೈದ್ಯರು ಊಹಿಸುತ್ತಾರೆ. ಒಂದು ರಾತ್ರಿ ಫೋನಿನಲ್ಲಿ ಅದನ್ನು ನೋಡಿ ಬೆಚ್ಚಿದ್ದೆ.

ಅಮ್ಮ ಹಾಸನದಿಂದ ಫೋನ್ ಮಾಡಿ ತೂಕ ಕೇಳಿದರು. ನಮ್ಮಲ್ಲಿ ಹುಟ್ಟಿದ ಕೂಸಿನ ಬಗ್ಗೆ ಹೆಣ್ಣೋ ಗಂಡೋ ಆದಮೇಲೆ ಬರುವ ಪ್ರಶ್ನೆ ಅದೇ. ಹೇಳಿದೆ. "ಸದ್ಯ, ಒಂದಾದ್ರೂ ಗಟ್ಟಿಯಾಗಿದೆಯಲ್ಲ" ಅಂದರು. ಆ 'ಗಟ್ಟಿ' ಮಗುವಿನ ಇನ್‌ಕ್ಯುಬೇಟರಿನ ಸುತ್ತ ಆ ಹೊತ್ತಿಗೆ ನಾಲ್ಕು ಜನ ನಿಂತಿದ್ದರು.

ಹೊಟ್ಟೆಯಲ್ಲಿರುವಾಗ ಮಗುವಿನ ಶ್ವಾಸಕೋಶಕ್ಕೆ ಕೆಲಸವಿಲ್ಲ. ಅದಕ್ಕೆ ಹೋಗುವ ರಕ್ತವನ್ನು ಮಹಾಪಧಮನಿಗೆ ದಾಟಿಸುವ ಒಂದು ಸಣ್ಣ ನಾಳ ಇರುತ್ತದೆ, ಡಕ್ಟಸ್. ದಿನ ತುಂಬಿ ಹುಟ್ಟಿದ ಮಗುವಿನಲ್ಲಿ ಎರಡು ಮೂರು ದಿನದಲ್ಲಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಅವಧಿಗೆ ಮುಂಚೆ ಹುಟ್ಟಿದವರಲ್ಲಿ ಅದರ ಸ್ನಾಯುವೇ ಬಲಿತಿರುವುದಿಲ್ಲ, ತೆರೆದೇ ಇರುತ್ತದೆ. ಆಗ ರಕ್ತ ಶ್ವಾಸಕೋಶಕ್ಕೆ ನುಗ್ಗಿ ಕರುಳಿಗೂ ಮೂತ್ರಪಿಂಡಕ್ಕೂ ಕೊರತೆ ಬೀಳುತ್ತದೆ. ಕಡ್ಡಿಗೆ ಆದದ್ದು ಇದು. ಐದನೇ ದಿನ, ಮೂಗಿನಲ್ಲಿ ಗಾಳಿ ಒತ್ತಿ ಉಸಿರಿಗೆ ನೆರವಾಗುವ ಸಿಪ್ಯಾಪ್ ಯಂತ್ರದಲ್ಲಿದ್ದವಳು ಮತ್ತೆ ಏದುಸಿರು ಬಿಡತೊಡಗಿದಳು, ಟ್ಯೂಬಿನಲ್ಲಿ ಕೊಡುತ್ತಿದ್ದ ಹಾಲು ನಿಲ್ಲಿಸಿದರು. ನಾಳ ಮುಚ್ಚಿಸಲು ಐಬುಪ್ರೊಫೆನ್ ಕೊಡುವುದು ವಾಡಿಕೆ, ಆದರೆ ಅದು ಮೂತ್ರಪಿಂಡಕ್ಕೆ ಭಾರ. ಇವಳ ಮೂತ್ರಪಿಂಡ ಗರ್ಭದಲ್ಲೇ ಬರಗಾಲ ಕಂಡದ್ದು. ಹಾಗಾಗಿ ಪ್ಯಾರಾಸಿಟಮಾಲ್ ಆರಿಸಿಕೊಂಡರು. ಹೌದು, ಜ್ವರ ಬಂದರೆ ನಾವು ನುಂಗುವ ಅದೇ ಔಷಧಿ. ಅದು ಈ ನಾಳವನ್ನೂ ಮುಚ್ಚಿಸಬಲ್ಲದು ಎಂದು ಇಸ್ರೇಲಿನ ವೈದ್ಯರು ವರದಿ ಮಾಡಿದ್ದು 2011ರಲ್ಲಷ್ಟೇ. 1938ರಲ್ಲಿ ಬಾಸ್ಟನ್ನಿನ ರಾಬರ್ಟ್ ಗ್ರಾಸ್ ಏಳು ವರ್ಷದ ಹುಡುಗಿಯೊಬ್ಬಳ ಎದೆ ತೆರೆದು ಇದೇ ನಾಳವನ್ನು ದಾರದಿಂದ ಕಟ್ಟಿದ್ದರು. ಅಲ್ಲಿಂದ ಪ್ಯಾರಾಸಿಟಮಾಲ್‌ವರೆಗೆ ಬರಲು ಎಪ್ಪತ್ತು ವರ್ಷಕ್ಕೂ ಹೆಚ್ಚು.

ಮೂರಡಿ ಆಚೆ, ಗುಂಡಮ್ಮನ ಕತೆ ತಲೆಕೆಳಗು. ಅವಳ ಕವಾಟ ಎಷ್ಟು ಇಕ್ಕಟ್ಟೆಂದರೆ ಶ್ವಾಸಕೋಶಕ್ಕೆ ರಕ್ತ ತಲುಪುತ್ತಿದ್ದದ್ದೇ ಆ ನಾಳದ ಹಿಂಬಾಗಿಲಿನಿಂದ. ಅದು ಮುಚ್ಚತೊಡಗಿದ ಹಾಗೆ ಮಾನಿಟರಿನಲ್ಲಿ ಆಮ್ಲಜನಕದ ಅಂಕಿ ಎಂಬತ್ತಕ್ಕೆ, ಎಪ್ಪತ್ತಕ್ಕೆ ಇಳಿಯಿತು. ನಾಳ ತೆರೆದಿಡಲು ಪ್ರೊಸ್ಟಗ್ಲಾಂಡಿನ್ ಡ್ರಿಪ್ ಹಾಕಿದರು. ಒಂದೇ ಅಂಡದಿಂದ ಹುಟ್ಟಿದ ಇಬ್ಬರು, ಒಂದೇ ಕೋಣೆ. ಒಬ್ಬಳ ನಾಳ ಮುಚ್ಚಲಿ ಎಂದು ಒಂದು ಸಿರಿಂಜ್, ಇನ್ನೊಬ್ಬಳದು ಮುಚ್ಚದಿರಲಿ ಎಂದು ಇನ್ನೊಂದು ಸಿರಿಂಜ್. ಬೆಳಿಗ್ಗೆ ರೂಮಿನಲ್ಲಿದ್ದ ಹಾಸನಾಂಬೆಯ ಫೋಟೋಕ್ಕೆ ಕೈ ಮುಗಿಯುವಾಗ ಏನಂತ ಕೇಳಿಕೊಳ್ಳಬೇಕೋ ತಿಳಿಯುತ್ತಿರಲಿಲ್ಲ. ಆ ಡ್ರಿಪ್‌ಗೆ ಒಂದು ಕೆಟ್ಟ ಗುಣವಿದೆ, ಮಗು ಉಸಿರಾಡುವುದನ್ನೇ ಮರೆಯುತ್ತದೆ. ಅಲಾರಾಂ ಹೊಡೆದಾಗಲೆಲ್ಲ ಸಿಸ್ಟರ್ ಓಡಿ ಬಂದು ಪಾದ ತಟ್ಟಿ ನೆನಪಿಸುತ್ತಿದ್ದರು.

ಇನ್ನು ನನ್ನ ವಿಷಯ. ಊರವರನ್ನು ಬೈದು ನಾನು ತಪ್ಪಿಸಿಕೊಳ್ಳುವ ಹಾಗಿಲ್ಲ. ಎರಡು ಗಂಟೆಗೊಮ್ಮೆ ಹಿಂಡಿದ ಹಾಲನ್ನು ಎರಡು ಡಬ್ಬಿಗೆ ಹಂಚುವಾಗ ಕಡ್ಡಿಯ ಹೆಸರಿನದಕ್ಕೆ ಒಂದಿಷ್ಟು ಹೆಚ್ಚು ಹಾಕುತ್ತಿದ್ದೆ. ಅವಳಿಗೆ ಕೊಡುತ್ತಿದ್ದದ್ದೇ ಗಂಟೆಗೆ ಒಂದೆರಡು ಎಂಎಲ್, ಹೆಚ್ಚಿನದು ಫ್ರಿಜ್ಜಿನಲ್ಲಿ ಕೂರುತ್ತಿತ್ತು. ಆದರೂ. ಒಳಗೆ ಬಿಟ್ಟ ಇಪ್ಪತ್ತು ನಿಮಿಷದಲ್ಲಿ ಹದಿನೈದು ಅವಳ ಹತ್ತಿರವೇ ನಿಲ್ಲುತ್ತಿದ್ದೆ. ಎದೆಗೆ ಒರಗಿಸಿಕೊಳ್ಳುವ ಕಾಂಗರೂ ಆರೈಕೆ ಶುರು ಮಾಡಬಹುದು ಅಂದ ದಿನ ಕೇಳದೆಯೇ ಕಡ್ಡಿಯ ಕಡೆ ನಡೆದೆ. ಅವಳನ್ನು ಎದೆಗಿಟ್ಟುಕೊಂಡು ಕೂತಾಗ, ಕೇರಳದ ಸಿಸ್ಟರ್ ಒಬ್ಬರು ತಮ್ಮ ಕನ್ನಡದಲ್ಲಿ, "ಅಮ್ಮಾ, ಆ ಪಾಪು ಕೂಡ ನಿಮ್ದು ಅಲ್ವಾ?" ಅಂದರು. ಗದರಿಕೆ ಇರಲಿಲ್ಲ, ನಿಜವಾಗಿ ಕೇಳಿದ ಹಾಗಿತ್ತು.

ಎದ್ದು ಹೋಗಿ ಗುಂಡಮ್ಮನನ್ನು ನೋಡಿದೆ. ಕೆನ್ನೆ ತುಂಬಿಕೊಂಡಿತ್ತು. ಪಕ್ಕೆಲುಬಿನ ಕೆಳಗೆ ಹೊಟ್ಟೆ ಪ್ರತಿ ಬಡಿತಕ್ಕೂ ಕುಣಿಯುತ್ತಿತ್ತು. ದಪ್ಪ ಅಂದುಕೊಂಡದ್ದರಲ್ಲಿ ಒಂದಿಷ್ಟು ಬಾವು. ಅಲ್ಲಿಯವರೆಗೆ ಆ ಕುಣಿತ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅವಳ ಮೇಲೆ ನನಗೆ ಕೋಪವಿತ್ತು, ಅದನ್ನು ಇವತ್ತು ಬರೆದು ಒಪ್ಪಿಕೊಳ್ಳುತ್ತಿದ್ದೇನೆ.

ಕಡ್ಡಿಯ ನಾಳ ಎರಡನೇ ಸುತ್ತಿನ ಪ್ಯಾರಾಸಿಟಮಾಲ್‌ಗೆ ಮುಚ್ಚಿಕೊಂಡಿತು. ಗುಂಡಮ್ಮ ಹನ್ನೆರಡು ದಿನಕ್ಕೆ ಡ್ರಿಪ್ ಬಿಟ್ಟಳು, ಆದರೆ ಕವಾಟ ಹಿಗ್ಗಿಸಲೇಬೇಕಿತ್ತು, ಅದಕ್ಕೆ ಎರಡು ಕೆಜಿ ಆಗಲಿ ಎಂದು ಕಾದರು. ಆರನೇ ವಾರದಲ್ಲಿ, ತೊಡೆಸಂದಿಯ ನಾಳದಿಂದ ಸಣ್ಣ ಬಲೂನು ಏರಿಸಿ ಕವಾಟದಲ್ಲಿ ಉಬ್ಬಿಸಿದರು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಡಾ. ಜೀನ್ ಕಾನ್ ಮತ್ತು ಸಂಗಡಿಗರು 1982ರಲ್ಲಿ ವರದಿ ಮಾಡಿದ ವಿಧಾನ ಇದು, ಅಂದರೆ ನನ್ನ ಅಮ್ಮನ ಕಾಲದಲ್ಲಿ ಈ ಮಗು ಹುಟ್ಟಿದ್ದರೆ ಅವಳಿಗೆ ಬಲೂನು ಇರಲಿಲ್ಲ. ನನ್ನ ನಾಲ್ಕೆಳೆ ಸರ ಅಡವಿಗೆ ಹೋದದ್ದು ಆ ವಾರ. ಸರ ಬಿಡಿಸಿಕೊಂಡಿದ್ದೇವೆ.

ಮನೆಗೆ ಬಂದ ಮೇಲೆ ಒಂದೇ ಒಳಲೆಯಲ್ಲಿ ಇಬ್ಬರಿಗೂ ಹಾಲು. ಅಮ್ಮ ಕಡ್ಡಿಗೆ ಮಾತ್ರ ದೃಷ್ಟಿ ತೆಗೆಯುತ್ತಿದ್ದರು, ಬಡಕಲು ಮಗುವಿಗೆ ಬೇಗ ತಾಗುತ್ತದಂತೆ. ಎರಡನೇ ದಿನ ನಾನೇ ಗುಂಡಮ್ಮನನ್ನೂ ಎತ್ತಿ ತಂದು ಪಕ್ಕದಲ್ಲಿ ಮಲಗಿಸಿದೆ.

ಈಗ ವರ್ಷಕ್ಕೊಮ್ಮೆ ಎಕೋ, ಅಂದರೆ ಹೃದಯದ ಸ್ಕ್ಯಾನ್. ಗುಂಡಮ್ಮನ ಕವಾಟದಲ್ಲಿ ಸ್ವಲ್ಪ ಇಕ್ಕಟ್ಟು, ಸ್ವಲ್ಪ ಸೋರಿಕೆ ಉಳಿದಿದೆ. ಓಡಬಹುದು, ಕುಣಿಯಬಹುದು, ಸ್ಕೆಚ್ ಪೆನ್ನು ಕಿತ್ತುಕೊಳ್ಳಲೂ ಬಹುದು. ಕಡ್ಡಿಗೆ ಬಿಪಿ ನೋಡುತ್ತಾರೆ. ರಕ್ತ ಕಡಿಮೆ ಹರಿದ ಅವಳಿಯ ರಕ್ತನಾಳಗಳು ಬಿಗಿಯಾಗಿರುವ ಸಾಧ್ಯತೆ ಇದೆಯಂತೆ.

ಭಾನುವಾರಕ್ಕೆ ಮರಳುತ್ತೇನೆ. "ಹೌದಾಮ್ಮಾ?" ಎಂದವಳಿಗೆ ಏನು ಹೇಳಲಿ ಎಂದು ತಡಕಾಡುತ್ತಿದ್ದಾಗ ಜಗಲಿಯಲ್ಲಿ ಪೇಪರ್ ಓದುತ್ತಿದ್ದ ಅಪ್ಪ, "ಬರ್ರೇ ಇಲ್ಲಿ ಇಬ್ರೂ" ಎಂದು ಕರೆದರು. ಜಗಳದ ಪೆನ್ನನ್ನೇ ಇಸಿದುಕೊಂಡು ಪೇಪರಿನ ಅಂಚಿನಲ್ಲಿ ಎರಡು ಸೊನ್ನೆ ಬರೆದರು, ನಡುವೆ ಒಂದು ಗೀಟು.

"ಇದು ನೀನು. ಇದು ನೀನು. ಇದು ಪೈಪು. ನೀರು ತಗ್ಗಿಗೆ ಹೋಯ್ತು."

"ಗೇಟ್‌ವಾಲ್ ಯಾಕ್ ಹಾಕ್ಲಿಲ್ಲ ತಾತ?" ತೋಟದಲ್ಲಿ ಬೆಳೆದವಳು ಕಡ್ಡಿ, ಅಷ್ಟು ಗೊತ್ತು ಅವಳಿಗೆ.

"ಹೊಟ್ಟೇಲಿ ಯಾರ್ ಹಾಕ್ತಾರೆ ಮಗಾ? ಆಮೇಲೆ ಡಾಕ್ಟ್ರು ಒಳಗ್ ಹೋಗಿ ಪೈಪ್ ಮುಚ್ಚುದ್ರು."

"ಇವ್ಳು ಸಾಕು ಅನ್ನಬೋದಿತ್ತಲ್ಲ."

"ನೀನು ಕೊಡಲ್ಲ ಅನ್ನಬೋದಿತ್ತಾ?"

ಕಡ್ಡಿ ಯೋಚಿಸಿದಳು. ಗುಂಡಮ್ಮ ಎರಡು ಸೊನ್ನೆಗಳಲ್ಲಿ ಒಂದಕ್ಕೆ ಬೆರಳಿಟ್ಟು, "ಈ ಗಿಡಕ್ಕೆ ಏನಾಯ್ತು ತಾತ, ನೀರು ಜಾಸ್ತಿ ಆಗಿದ್ದಕ್ಕೆ?" ಅಂದಳು.

"ಬೇರು ನೊಂದಿತ್ತು. ಈಗ ಚಿಗುರೈತೆ."

ಕಡ್ಡಿ ಅವಳ ಅಂಗಿಯ ಮುಂಭಾಗವನ್ನು ಒಂದು ಕ್ಷಣ ನೋಡಿದಳು. ಆಮೇಲೆ, "ಆದ್ರೂ ಪೆನ್ನು ನಂದೇ" ಅಂದಳು.

ಅಪ್ಪ ಪೆನ್ನಿನ ಕ್ಯಾಪ್ ಹಾಕಿ ತಮ್ಮ ಜೇಬಿಗೆ ಇಟ್ಟುಕೊಂಡರು.